ಎಜ್ರಾನ ಹೆಸರಿಗೆ ಬಂದ ಗಂಡಾಂತರ

ಆ ಹೊತ್ತಿಗೆ ಎಜ್ರಾ ಜಿಪ್ಕಿನ್ನರ ಬಾಯಲ್ಲಿ ಮುಕ್ಕಾಲು ಡೋನಟ್ ಇತ್ತು, ಕೈಯಲ್ಲಿ ಉಳಿದ ಕಾಲು. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಅಂದಿನಿಂದ ಒಂದೇ ಒಂದು ಡೋನಟ್ಟೂ ಅವರ ಮನೆಯ ಹೊಸ್ತಿಲು ದಾಟಿಲ್ಲ. ಹೆಂಡತಿಗೆ ಕೊಟ್ಟ ಮಾತೆಂದರೆ ಮಾತು. ಆದರೆ ಪಾರ್ಕಿನಲ್ಲಿ ತಿನ್ನುವುದಿಲ್ಲ ಎಂದೇನೂ ಅವರು ಮಾತು ಕೊಟ್ಟಿರಲಿಲ್ಲ. (ಕೊಟ್ಟಿದ್ದರು. ಅದಕ್ಕೇ ಆ ದಿನ ಬೇರೆ ಪಾರ್ಕಿಗೆ ಬಂದಿದ್ದರು.) ಮಾಂಟ್ರಿಯಲ್ಲಿನ ಮೇಪಲ್ ಮರಗಳು ಕೆಂಪಗಾಗಿದ್ದವು, ಬಿಸಿಲು ಹಿತವಾಗಿತ್ತು, ಲೋಕದಲ್ಲಿ ಅನ್ಯಾಯವೆಂಬುದೇ ಇಲ್ಲವೇನೋ ಎನ್ನುವಂತಿತ್ತು. ಆಗ ಬೆನ್ನ ಹಿಂದೆ ಒಂದು ಹೆಣ್ಣುದನಿ ಗುಡುಗಿತು.

"ಎಜ್ರಾ! ಉಗುಳು! ಬಾಯಲ್ಲಿರೋದನ್ನ ಈಗಲೇ ಉಗುಳು!"

ಜಿಪ್ಕಿನ್ನರು ಉಗುಳಿದರು.

ಮದುವೆಯಾಗಿ ನಲವತ್ತಾರು ವರ್ಷ ಕಳೆದವರು ಇದಕ್ಕೆ ನಗಲಾರರು. ಅವರ ಹೆಂಡತಿ ಶಿಫ್ರಾ ಮಾಮೂಲಿ ದಿನಗಳಲ್ಲಿ "ರೀ" ಎನ್ನುತ್ತಾಳೆ. ಹೆಸರು ಹಿಡಿದು ಕೂಗಿದಳೆಂದರೆ ಏನೋ ಸಿಕ್ಕಿಬಿದ್ದಿದೆ ಎಂದೇ ಅರ್ಥ. ಕೈಯಲ್ಲಿದ್ದ ಕಾಲು ಭಾಗವನ್ನೂ ಪೊದೆಗೆ ಎಸೆದು, ಮುಖಕ್ಕೆ ಒಂದಿಷ್ಟು ಪಶ್ಚಾತ್ತಾಪ ಬಳಿದುಕೊಂಡು ತಿರುಗಿ ನೋಡಿದರೆ ಅಲ್ಲಿ ಶಿಫ್ರಾ ಇಲ್ಲ. ಓಟದ ಬೂಟು ಹಾಕಿದ ಯಾರೋ ಹುಡುಗಿ. ಅವಳೆದುರು, ಯಾರದೋ ಕೈಗವಸನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಕಂದು ಬಣ್ಣದ ನಾಯಿ.

"ಯಾರನ್ನಮ್ಮಾ ಕೂಗಿದ್ದು?"

"ಇವನನ್ನೇ ಅಂಕಲ್. ಎಜ್ರಾ! ಒಂದು ಮಾತು ಕೇಳಲ್ಲ ನೋಡಿ."

"ಎಜ್ರಾ ನಾನು!"

"ಅಯ್ಯೋ, ನಿಮ್ಮದೂ ಅದೇ ಹೆಸರಾ? ಎಷ್ಟು ಮುದ್ದಾಗಿದೆ! ಈಗ ಎಲ್ಲರೂ ಅದನ್ನೇ ಇಡ್ತಿದಾರೆ. ನಮ್ಮಕ್ಕನ ಮಗೂಗೆ ಇಡೋಣ ಅಂತಿದ್ವಿ. ಆದ್ರೆ ಅವರ ಬೀದಿ ಶಿಶುವಿಹಾರದಲ್ಲಿ ಆಗಲೇ ನಾಲ್ಕು ಜನ ಎಜ್ರಾ ಇದಾರಂತೆ. ಹೆಸರು ಸುಮ್ನೆ ಹಾಳಾಗೋದು ಬೇಡ ಅಂತ ಇವನಿಗೆ ಇಟ್ವಿ."

ಅಷ್ಟರಲ್ಲಿ ನಾಯಿ ಎಜ್ರಾ ಕೈಗವಸನ್ನು ಬಿಟ್ಟು, ಪೊದೆಗೆ ನುಗ್ಗಿ, ಮನುಷ್ಯ ಎಜ್ರಾನ ಕಾಲು ಡೋನಟ್ಟನ್ನು ತಿಂದು ಮುಗಿಸಿ ಬಾಲ ಅಲ್ಲಾಡಿಸಿತು.

ಜಿಪ್ಕಿನ್ನರಿಗೆ ಉರಿದುಹೋಯಿತು. ಉರಿಯದೆ ಇನ್ನೇನು? ಎಪ್ಪತ್ತೊಂದು ವರ್ಷ ಆ ಹೆಸರಿನ ಭಾರ ಹೊತ್ತವರು ಅವರು. ಶಾಲೆಯಲ್ಲಿ ಉಳಿದ ಹುಡುಗರೆಲ್ಲ ಸ್ಟೀವ್, ಬ್ರೂಸ್, ಗ್ಯಾರಿ. ಇವರೊಬ್ಬರು ಎಜ್ರಾ. ಏಳನೆಯ ವಯಸ್ಸಿಗೇ "ಎಜ್ರಾ ತಾತ" ಎನ್ನಿಸಿಕೊಂಡವರು. ಬೆತ್ತ ಎಲ್ಲಿ, ಹಲ್ಲಿನ ಸೆಟ್ಟು ಎಲ್ಲಿ ಎಂದು ಕೇಳುತ್ತಿದ್ದರು. ಹದಿನಾಲ್ಕರಲ್ಲಿ ಒಂದು ಬೇಸಿಗೆಯ ಮಟ್ಟಿಗೆ "ಎಡ್ಡಿ" ಆಗಿ ನೋಡಿದರು. ತಾಯಿಗೆ ಗೊತ್ತಾಯಿತು. ಬೈಯಲಿಲ್ಲ, ಹೊಡೆಯಲಿಲ್ಲ. "ಅದು ನಿನ್ನ ದೊಡ್ಡಪ್ಪನ ಹೆಸರು ಕಣೋ. ಯುದ್ಧ ಮುಗಿದ್ರೂ ಪೋಲಂಡಿಂದ ಅವನು ಬರಲಿಲ್ಲ, ಹೆಸರು ಮಾತ್ರ ಬಂತು. ಅವನಿಗೆ ಉಳಿದಿರೋದು ನೀನೊಬ್ಬನೇ" ಎಂದಳು. ಎಡ್ಡಿ ಅಂದೇ ಸತ್ತ. ಆಮೇಲೆ ಸೇಂಟ್ ಲಾರೆಂಟ್ ರಸ್ತೆಯಲ್ಲಿ ನಲವತ್ತು ವರ್ಷ ಗುಂಡಿ, ಜಿಪ್ಪು ಮಾರಿದರು. (ಜಿಪ್ಪು ಮಾರುವವನು ಜಿಪ್ಕಿನ್ ಎಂದು ಗಿರಾಕಿಗಳು ನಗುತ್ತಿದ್ದರು; ಅದನ್ನೂ ಸಹಿಸಿದರು.) ಇಷ್ಟೆಲ್ಲ ಪಾಡುಪಟ್ಟು ಕಾಪಾಡಿಕೊಂಡು ಬಂದ ಹೆಸರು ಈಗ ಒಮ್ಮೆಲೇ ಮುದ್ದಾಗಿಬಿಟ್ಟಿತಂತೆ! ಅದೂ ನಾಯಿಗೆ!

ಮನೆಗೆ ಬಂದವರೇ ಕೋಟನ್ನೂ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಕೇಳಿದೆಯಾ ಶಿಫ್ರಾ? ನನ್ನ ಹೆಸರನ್ನ ನಾಯಿಗೆ ಇಟ್ಟಿದಾರೆ! ಪಾರ್ಕಲ್ಲಿ ನಾನು ಸುಮ್ನೆ ಕೂತಿದ್ದೆ..."

"ಯಾವ ಪಾರ್ಕು?"

"ಯಾವುದಾದರೇನು! ನಾಯಿ ಕಣೇ, ನಾಯಿ! ಎಜ್ರಾ ಅಂತ!"

"ಗಡ್ಡದ ಮೇಲೆ ಅದೇನ್ರೀ ಬೆಳ್ಳಗೆ?"

"ಹಿಮ."

"ಸೆಪ್ಟೆಂಬರಿನಲ್ಲಿ."

ಜಿಪ್ಕಿನ್ನರು ಗಡ್ಡ ಒರೆಸಿಕೊಂಡು ವಿಷಯವನ್ನು ಎತ್ತರಕ್ಕೆ ಒಯ್ದರು. "ಎಜ್ರಾ ಅಂದ್ರೆ ಏನು ಸಾಮಾನ್ಯದ ಹೆಸರಾ? ಬಾಬಿಲೋನಿನ ಸೆರೆಯಿಂದ ಜನರನ್ನ ಊರಿಗೆ ಕರ್ಕೊಂಡು ಬಂದ ಮಹಾಪಂಡಿತನ ಹೆಸರು! ಹೀಬ್ರೂ ಭಾಷೇಲಿ ಅದರ ಅರ್ಥ ಸಹಾಯ! ಗೊತ್ತಾ ನಿನಗೆ?"

"ಗೊತ್ತು. ಆ ಸಹಾಯ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ನಲವತ್ತಾರು ವರ್ಷದಿಂದ ಕಾಯ್ತಿದೀನಿ."

"ತಮಾಷೆ ಬೇಡ."

"ತಮಾಷೆ ಅಲ್ಲ. ಹೀಬ್ರೂನಲ್ಲಿ ಮೊದಲು ಸಹಾಯ ಅಂತ ಕರೆದದ್ದು ಯಾರನ್ನ ಹೇಳಿ? ಹವ್ವಳನ್ನ. ಆದಾಮನ ಹೆಂಡತೀನ. 'ಎದುರಿಗೆ ನಿಂತ ಸಹಾಯ' ಅಂತ. ನನಗಿಡಬೇಕಾದ ಹೆಸರನ್ನ ನಿಮ್ಮಮ್ಮ ನಿಮಗೆ ಇಟ್ಟುಬಿಟ್ರು. ನಮ್ಮನೇಲಿ ಅದನ್ನ ಇಬ್ರೂ ಹಂಚಿಕೊಂಡಿದೀವಿ ಅಷ್ಟೆ. ಸಹಾಯ ನಾನು ಮಾಡ್ತೀನಿ, ಎದುರಿಗೆ ನಿಲ್ಲೋದು ನೀವು. ಈಗಲೂ ಬಾಗಿಲಿಗೆ ಅಡ್ಡ ನಿಂತಿದೀರ, ಸರೀರಿ."

ಜಿಪ್ಕಿನ್ನರು ಸರಿದರು. ಹೆಸರಿಗೆ ಹೆಸರುಕಾಳಿಗಿರುವಷ್ಟಾದರೂ ಬೆಲೆ ಬೇಡವೇ ಎಂದು ಗೊಣಗುತ್ತಾ ಹೋಗಿ ಕುರ್ಚಿಯಲ್ಲಿ ಕುಳಿತರು. ನಿಜವಾದ ಅನಾಹುತ ಇನ್ನೂ ಮುಂದಿತ್ತು ಎಂಬುದು ಪಾಪ ಅವರಿಗೆ ತಿಳಿಯದು.

ಆ ಶನಿವಾರ ಬೀಗರ ಮನೆಯಲ್ಲಿ ಊಟ. ಬೀಗರೆಂದರೆ ಮೆಸ್ಸೋದ್ ಓಹಾಯೋನ್. ಮೊರಾಕ್ಕೋ ದೇಶದಿಂದ ಬಂದು ಮಾಂಟ್ರಿಯಲ್ಲಿನಲ್ಲಿ ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಅಂಗಡಿ ಇಟ್ಟವರು. ಅವರ ಮಗಳು ಪರ್ಲಾಳನ್ನೇ ಜಿಪ್ಕಿನ್ನರ ಒಬ್ಬನೇ ಮಗ ಹರ್ಷಲ್ ಮದುವೆಯಾಗಿದ್ದ. ಪರ್ಲಾಗೆ ಈಗ ಏಳು ತಿಂಗಳು, ಗಂಡು ಎಂದು ಡಾಕ್ಟರು ಹೇಳಿದ್ದರು. ಎರಡೂ ಮನೆಯವರು ಯಹೂದಿಗಳೇ. ಆದರೆ ಒಂದೇ ದೇವರನ್ನು ನಂಬಿದವರು ಬೇರೆ ಯಾವುದರಲ್ಲೂ ಒಪ್ಪಬೇಕೆಂದು ಎಲ್ಲಿಯೂ ಬರೆದಿಲ್ಲ. ಶುಕ್ರವಾರವೇ ಒಲೆಗೆ ಇಟ್ಟು ಶನಿವಾರ ಇಳಿಸುವ ಮಾಂಸದ ಅಡುಗೆ ಎರಡೂ ಮನೆಯಲ್ಲಿದೆ. ಜಿಪ್ಕಿನ್ನರಲ್ಲಿ ಅದಕ್ಕೆ ಉಪ್ಪು ಮಾತ್ರ, ಓಹಾಯೋನರಲ್ಲಿ ಉಪ್ಪೊಂದು ಬಿಟ್ಟು ಇಡೀ ಮಸಾಲೆ ಡಬ್ಬಿ.

ಮೆಸ್ಸೋದ್ ಜೋರು ಮನುಷ್ಯ. ಬಾಗಿಲಲ್ಲೇ ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಡುವವರು. (ಜಿಪ್ಕಿನ್ನರು ಸ್ವಂತ ಅಣ್ಣನಿಗೂ ಕೈ ಕುಲುಕಿಯೇ ವಿದಾಯ ಹೇಳಿದವರು.) ಊಟದ ನಡುವೆ ಅವರು ಲೋಟ ಎತ್ತಿ ನಿಂತರು.

"ಬೀಗ್ರೇ! ಬಾಯಿ ಸಿಹಿ ಮಾಡ್ಕೊಳ್ಳಿ! ಇನ್ನೆರಡು ತಿಂಗಳು, ಪುಟ್ಟ ಎಜ್ರಾ ಬಂದುಬಿಡ್ತಾನೆ!"

ಜಿಪ್ಕಿನ್ನರ ಫೋರ್ಕು ತಟ್ಟೆಗೆ ಬಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಜಿಪ್ಕಿನ್ನರ ಕಡೆ ಮಗುವಿಗೆ ಮನೆಯ ಹಿರಿಯರ ಹೆಸರಿಡುತ್ತಾರೆ. ಆದರೆ ಹಿರಿಯರು ಮೊದಲು ಸಾಯಬೇಕು. ಹೆಸರು ಉಳಿಯಬೇಕಾದರೆ ಮನುಷ್ಯ ನಾಮಾವಶೇಷನಾಗಿರಬೇಕು, ಅದು ನಿಯಮ. ಬದುಕಿರುವವರ ಹೆಸರಿಟ್ಟರೆ ಅವರಿಗೆ ಟಿಕೆಟ್ ಕೊಯ್ದು ಕೈಗಿಟ್ಟ ಹಾಗೆ. ಓಹಾಯೋನರ ಕಡೆ ಇದಕ್ಕೆ ತದ್ವಿರುದ್ಧ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಅವರು ಗಟ್ಟಿಮುಟ್ಟಾಗಿ ಎದುರಿಗೆ ಕುಳಿತಿರುವಾಗಲೇ. ಇಡದೆ ಹೋದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

"ನಾನಿನ್ನೂ ಬದುಕಿದೀನಿ ಕಣ್ರೀ!" ಎಂದರು ಜಿಪ್ಕಿನ್ನರು.

"ಅದಕ್ಕೇ ಅಲ್ವಾ ಇಡ್ತಿರೋದು!"

"ಅದಕ್ಕೇ ಅಲ್ವಾ ಇಡಬಾರದು ಅಂತಿರೋದು!"

"ಮಾವ, ಇದು ಗೌರವಕ್ಕೆ..." ಎಂದಳು ಪರ್ಲಾ.

"ಗೌರವಾನಾ? ಮೃತ್ಯುದೂತ ಎಜ್ರಾ ಜಿಪ್ಕಿನ್ ಅಂತ ಚೀಟಿ ಹಿಡ್ಕೊಂಡು ಬರ್ತಾನಮ್ಮ. ಬಂದು ನೋಡಿದ್ರೆ ಮನೇಲಿ ಇಬ್ಬರು! ಅವನು ಯಾರನ್ನ ಕರ್ಕೊಂಡು ಹೋಗಬೇಕು?"

ಮೆಸ್ಸೋದ್ ಹೊಟ್ಟೆ ಕುಣಿಸಿ ನಕ್ಕರು. "ನಮ್ಮ ಬೀದೀಲಿ ಹನ್ನೊಂದು ಜನ ಮೆಸ್ಸೋದ್ ಇದ್ವಿ ಬೀಗ್ರೇ. ಅದೇ ಮೃತ್ಯುದೂತ ಬರ್ತಿದ್ದ, ಚೀಟಿ ನೋಡ್ತಿದ್ದ, ತಲೆ ಕೆಟ್ಟು ವಾಪಸ್ ಹೋಗ್ತಿದ್ದ. ನಮ್ಮಜ್ಜ ತೊಂಬತ್ತೇಳು ವರ್ಷ ಬದುಕಿದ್ರು!"

ಹರ್ಷಲ್ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಬೆಂಕಿ ಕಂಡಲ್ಲಿ ತುಪ್ಪ ಸುರಿಯುವುದು ಅವನ ಹುಟ್ಟುಗುಣ. "ಅಪ್ಪ, ಈಗ ಅದು ಫ್ಯಾಶನ್ ಹೆಸರು ಕೂಡ. ಈ ವರ್ಷದ ಪಟ್ಟೀಲಿ ಎಷ್ಟು ಮೇಲೆ ಬಂದಿದೆ ಗೊತ್ತಾ?"

"ಗೊತ್ತಪ್ಪಾ ಗೊತ್ತು! ನಾಯಿಗಳ ಪಟ್ಟೀಲೂ ಬಂದಿದೆ!" ಜಿಪ್ಕಿನ್ನರು ಎದ್ದು ನಿಂತೇಬಿಟ್ಟರು. ತೋರುಬೆರಳು ಮೇಲೆದ್ದಿತು, ಗಡ್ಡ ನಡುಗಿತು. "ಎಲ್ಲರೂ ಕೇಳಿಸ್ಕೊಳ್ಳಿ. ನನ್ನ ಮೈಯಲ್ಲಿ ಉಸಿರಿರೋ ತನಕ ಈ ವಂಶದಲ್ಲಿ ಎರಡನೇ ಎಜ್ರಾ ಇರಕೂಡದು. ಇದೇ ನನ್ನ ಕಡೇ ಮಾತು!"

"ಕಡೇ ಮಾತು ಅನ್ನಬೇಡ್ರೀ, ದೃಷ್ಟಿಯಾಗುತ್ತೆ" ಎಂದು ಶಿಫ್ರಾ ಮೂರು ಸಲ ಥೂ ಥೂ ಥೂ ಎಂದಳು. ಬೀಗಿತ್ತಿ ಪುದೀನ ಚಹಾ ತಂದಿಟ್ಟರು. ಪರ್ಲಾಳ ಕಣ್ಣು ತುಂಬಿದ್ದನ್ನು ಜಿಪ್ಕಿನ್ನರು ನೋಡಿದರು, ನೋಡದವರಂತೆ ಚಹಾ ಕುಡಿದರು.

ಮುಂದಿನ ಮೂರು ವಾರ ಅವರಿಗೆ ಇಲ್ಲದ ಕಾಯಿಲೆಯಿರಲಿಲ್ಲ. ಸೋಮವಾರ ಎದೆ ಹಿಡಿದಂತಾಯಿತು, ಗುರುವಾರ ಎಡಗಾಲು ಜೋಮು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ನಿಮಗೇನೂ ಆಗಿಲ್ಲ, ಡೋನಟ್ ಬಿಡಿ ಎಂದು ಕಳಿಸಿದರು. (ಅವರಿಗೆ ಹೇಗೆ ಗೊತ್ತಾಯಿತು? ಶಿಫ್ರಾ ಮುಂಚೆಯೇ ಫೋನ್ ಮಾಡಿದ್ದಳು.) "ಹೆಸರು ಇಡೋ ಮೊದಲೇ ಈ ಪಾಡು, ಇಟ್ಟಿದ್ರೆ?" ಎಂದು ಜಿಪ್ಕಿನ್ನರು ಸಾಕ್ಷಿ ಸಮೇತ ವಾದಿಸಿದರು.

ಕೊನೆಗೆ ಶಿಫ್ರಾ ಒಂದು ಕುರ್ಚಿಯನ್ನು ಅವರ ಕೈಗೆ ಕೊಟ್ಟಳು. "ಇದರ ಬಟ್ಟೆ ಹರಿದಿದೆ. ಬೀಗರ ಅಂಗಡಿಗೆ ಕೊಟ್ಟು ಬನ್ನಿ."

"ಇದು ನಿನ್ನೆ ಚೆನ್ನಾಗಿತ್ತಲ್ಲ?"

"ಇವತ್ತು ಹರಿದಿದೆ. ಹೋಗಿ, ಎರಡು ಒಳ್ಳೇ ಮಾತಾಡಿ ಬನ್ನಿ."

ಮೆಸ್ಸೋದ್ ಅಂಗಡಿಯಲ್ಲಿ ಸೀಮೆಸುಣ್ಣ ಹಿಡಿದು ಹಸಿರು ಮಖಮಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದರು. ಕುರ್ಚಿ ನೋಡಿದರು, ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರವಾಗಿದ್ದ ಹರಕನ್ನೂ ನೋಡಿದರು, ಅದನ್ನು ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ರಿಂಗಾಯಿತು. ಅವರ ಹಿರಿಯ ಸೊಸೆ. ಕೈ ಪುರುಸೊತ್ತಿಲ್ಲವೆಂದು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು. ಆಕೆ ಹಲೋ ಎನ್ನುವ ಮೊದಲೇ ಬೇರೆ ಯಾರಿಗೋ ಕೂಗಿದಳು.

"ಮೆಸ್ಸೋದ್! ಗೀಚಬೇಡ ಅಂತ ಎಷ್ಟು ಸಲ ಹೇಳಬೇಕು ನಿನಗೆ! ಇಡು ಕೆಳಗೆ!"

ಮೆಸ್ಸೋದ್ ಥಟ್ಟನೆ ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನೋಡಿದ್ರಾ ಬೀಗ್ರೇ? ಬೈದಿದ್ದು ನನ್ನ ಮೊಮ್ಮಗನಿಗೆ. ಅಲ್ಲಿ ಅವನು ಗೋಡೆ ಮೇಲೆ ಗೀಚಿದ್ರೆ ಇಲ್ಲಿ ನನ್ನ ಕೈ ನಿಲ್ಲುತ್ತೆ. ನಾಲ್ಕು ಜನ ಇದಾರೆ, ನಾಲ್ಕೂ ಮೆಸ್ಸೋದ್. ಮೆಸ್ಸೋದ್ ನೆಟ್ಟಗೆ ಕೂತ್ಕೋ ಅಂದ್ರೆ ನಾನೂ ನೆಟ್ಟಗೆ ಕೂರ್ತೀನಿ. ಸೊಸೆಯರಿಗೂ ಒಳ್ಳೇದು ನೋಡಿ, ಮಾವನ ಹೆಸರು ಹಿಡಿದು ದಿನಾ ಬಯ್ಯಬಹುದು, ಯಾರೂ ಕೇಳೋ ಹಾಗಿಲ್ಲ!"

ಜಿಪ್ಕಿನ್ನರಿಗೆ ಪಾರ್ಕಿನಲ್ಲಿ ಉಗುಳಿದ ಡೋನಟ್ಟು ನೆನಪಾಯಿತು. ತುಟಿಯಂಚಿನಲ್ಲಿ ನಗು ಬರುತ್ತಿತ್ತು, ತಡೆದರು.

ಮೆಸ್ಸೋದ್ ನಗು ನಿಲ್ಲಿಸಿ ಅವರ ತೋಳು ಹಿಡಿದರು. "ಸತ್ತವರನ್ನ ನೆನಸ್ಕೊಳ್ತೀರಿ, ಒಳ್ಳೇದೇ. ನಾನು ತಪ್ಪು ಅನ್ನಲ್ಲ. ಆದ್ರೆ ಬೀಗ್ರೇ, ಅವರಿಗೆ ಅದು ಕೇಳಿಸುತ್ತಾ? ನನ್ನ ಹೆಸರನ್ನ ಇನ್ನೊಬ್ಬ ಹೊತ್ಕೊಂಡು ಬೀದಿ ತುಂಬ ಓಡ್ತಾನೆ. ನಾನು ಕುರ್ಚಿ ಹಾಕ್ಕೊಂಡು ಕೂತು ನೋಡ್ತೀನಿ. ಇದಕ್ಕಿಂತ ಇನ್ನೇನು ಬೇಕು ಹೇಳಿ?"

ಜಿಪ್ಕಿನ್ನರು ಬಸ್ಸು ಹಿಡಿಯದೆ ನಡೆದೇ ಮನೆಗೆ ಹೊರಟರು. ದಾರಿಯುದ್ದಕ್ಕೂ ಅವರಿಗೆ ದೊಡ್ಡಪ್ಪ ಎಜ್ರಾನದೇ ಯೋಚನೆ. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಆ ಮನುಷ್ಯನ ಹೆಸರನ್ನು ಎಪ್ಪತ್ತೊಂದು ವರ್ಷ ಹೊತ್ತು, ಬೈಸಿಕೊಂಡು, ಅಂಗಡಿ ಬೋರ್ಡಿನ ಮೇಲೆ ಬರೆಸಿ, ಮದುವೆ ಕಾಗದದ ಮೇಲೆ ಸಹಿ ಹಾಕಿ ಬಾಳಿದ್ದಾಯಿತು. ಇದಾವುದೂ ದೊಡ್ಡಪ್ಪನಿಗೆ ತಿಳಿಯಲೇ ಇಲ್ಲ. ಎಂಥ ಅನ್ಯಾಯ ಎನ್ನಿಸಿತು. ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅವರಿಗೆ ಖಚಿತವಾಗಿತ್ತು. ತಮಗೆ ಬೇಕು. ಇನ್ನೊಬ್ಬ ಎಜ್ರಾ ಬೇಕೇ ಬೇಕು. ಕಣ್ಣಾರೆ ನೋಡಬೇಕು, "ಎಜ್ರಾ, ಉಗುಳು" ಎಂದು ಅವನಿಗೆ ಯಾರಾದರೂ ಬಯ್ಯುವುದನ್ನು ಕಿವಿಯಾರೆ ಕೇಳಬೇಕು.

ಆದರೆ ಹೇಳುವುದು ಹೇಗೆ? ತೋರುಬೆರಳೆತ್ತಿ ಕಡೇ ಮಾತು ಆಡಿಯಾಗಿತ್ತು. ಆಡಿದ ಕಡೇ ಮಾತನ್ನು ನುಂಗುವುದು ಗಂಡಸಾದವನಿಗೆ ಸಾಧ್ಯವೇ? ಶಿಫ್ರಾಳ ಹತ್ತಿರ ಹೇಳಿದರೆ ಸಾಯುವ ತನಕ ಅದೇ ಮಾತು. ನವೆಂಬರ್ ಬಂತು, ಮೊದಲ ಹಿಮ ಬಿತ್ತು, ಮಗುವೂ ಹುಟ್ಟಿತು. ತಾಯಿ ಮಗು ಚೆನ್ನಾಗಿದ್ದರು. ಎಂಟನೆಯ ದಿನ ಸುನ್ನತಿ, ಅಲ್ಲೇ ನಾಮಕರಣ. ಜಿಪ್ಕಿನ್ನರು ಮಗನಿಗೆ ಫೋನ್ ಮಾಡಿ, ಹವಾಮಾನದಿಂದ ಶುರುಮಾಡಿ ಸುತ್ತಿ ಬಳಸಿ ಬಂದರು.

"ಹರ್ಷಲ್, ಅವತ್ತು ಬೀಗರ ಮನೇಲಿ ನಾನೇನೋ ಅಂದೆನಲ್ಲ..."

"ಅಯ್ಯೋ ಅಪ್ಪ, ಅದನ್ನ ತಲೆಯಿಂದ ತೆಗೆದುಹಾಕಿ. ಎಲ್ಲ ಸರಿ ಮಾಡಿದೀವಿ. ಹೆಸರು ಕೇಳಿದ ಮೇಲೆ ನಿಮ್ಮ ಮನಸ್ಸಿಗೆ ಎಷ್ಟು ನೆಮ್ಮದಿ ಆಗುತ್ತೆ ನೋಡಿ."

"ಯಾವುದಪ್ಪಾ ಹೆಸರು?"

"ಎಂಟನೇ ದಿನಕ್ಕೆ ಮುಂಚೆ ಬಾಯಿ ಬಿಡಬಾರದು ಅಂತ ನೀವೇ ಕಲಿಸಿದ್ದಲ್ವಾ? ಇನ್ನೊಂದು ವಿಷಯ. ಅವತ್ತು ಮಗೂನ ತೊಡೆ ಮೇಲೆ ಹಿಡ್ಕೊಳ್ಳೋ ಗೌರವ ನಿಮ್ಮದೇ."

ಇಷ್ಟು ಸಾಕಾಯಿತು. ತೊಡೆಯ ಮೇಲೆ ಕೂರಿಸುವುದು ಯಾರನ್ನ? ಅವರವರ ಹೆಸರಿನವರನ್ನೇ ತಾನೆ! ಮಗ ತನ್ನಪ್ಪನ ಒಳಮನಸ್ಸು ಓದಿಬಿಟ್ಟಿದ್ದಾನೆ, ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಜಿಪ್ಕಿನ್ನರು ಹಿಗ್ಗಿದರು. ಶಿಫ್ರಾ ಸ್ನಾನಕ್ಕೆ ಹೋದ ಹೊತ್ತು ನೋಡಿ ಬೇಕರಿಗೆ ಫೋನ್ ಮಾಡಿ ದೊಡ್ಡದೊಂದು ಜೇನುತುಪ್ಪದ ಕೇಕು ಹೇಳಿದರು. ಮೇಲೆ ನೀಲಿ ಸಕ್ಕರೆಯಲ್ಲಿ, ಹೀಬ್ರೂವಿನ ನಾಲ್ಕೇ ಅಕ್ಷರದಲ್ಲಿ, "ಎಜ್ರಾ".

"ಮಗುವಿನ ಹೆಸರಾ? ಯಾರ ಮನೆ?" ಎಂದು ಬೇಕರಿಯಾಕೆ ಕೇಳಿದಳು. ಆಕೆಯೂ ಪೋಲಂಡ್ ಕಡೆಯವಳೇ.

"ಜಿಪ್ಕಿನ್ ಅಂತ. ತಾತನ ಹೆಸರು."

ಅತ್ತಲಿಂದ ಒಂದು ನಿಟ್ಟುಸಿರು. "ಅಯ್ಯೋ ದೇವರೇ! ಗುಂಡಿ ಅಂಗಡಿ ಎಜ್ರಾ ಜಿಪ್ಕಿನ್ ಹೋಗ್ಬಿಟ್ರಾ? ಯಾವಾಗ?"

ಜಿಪ್ಕಿನ್ನರು ಸ್ನಾನದ ಮನೆಯ ಬಾಗಿಲ ಕಡೆ ನೋಡಿದರು.

"ಒಳ್ಳೇ ಮನುಷ್ಯ. ಸ್ವಲ್ಪ ಕೂಗಾಡ್ತಿದ್ರು, ಅಷ್ಟೇ. ಪಾಪ ಆ ಹೆಂಗಸಿಗೆ ಈಗಲಾದ್ರೂ ಸ್ವಲ್ಪ ವಿಶ್ರಾಂತಿ."

ಇದು ನಾನೇ ಕಣಮ್ಮಾ ಎಂದು ಅಬ್ಬರಿಸಲು ಬಾಯಿ ತೆರೆದರು. ಆದರೆ ಸ್ನಾನದ ಮನೆಯ ನೀರು ನಿಂತಿತು. "ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿ" ಎಂದು ಪಿಸುಗುಟ್ಟಿ ಫೋನಿಟ್ಟರು.

ಬುಧವಾರ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಹಿಮದ ಬೂಟುಗಳು ರಾಶಿ ಬಿದ್ದಿದ್ದವು. ಜಿಪ್ಕಿನ್ನರು ತಮ್ಮ ಮದುವೆಯ ಕಪ್ಪು ಸೂಟನ್ನು ಅಂದಿನ ನಂತರ ಎರಡನೆಯ ಸಲ ಹಾಕಿದ್ದರು. ಕಿಸೆಯಲ್ಲಿ ನಾಲ್ಕು ಪುಟದ ಭಾಷಣ: ಎಜ್ರಾ ಎಂಬ ಹೆಸರಿನ ಹುಟ್ಟು, ಅರ್ಥ, ಮಹಿಮೆ, ಮತ್ತು ಪೋಲಂಡಿನಿಂದ ಬಾರದ ದೊಡ್ಡಪ್ಪ. ದಿಂಬಿನ ಸಮೇತ ಮಗುವನ್ನು ತೊಡೆಯ ಮೇಲಿಟ್ಟರು. ಎಷ್ಟು ಹಗುರ! ಕೆಲಸ ಕ್ಷಣದಲ್ಲಿ ಮುಗಿಯಿತು, ಮಗು ಅತ್ತಿತು, ವೈನಿನಲ್ಲಿ ಅದ್ದಿದ ಬಟ್ಟೆ ಬಾಯಿಗಿಟ್ಟೊಡನೆ ಸುಮ್ಮನಾಯಿತು. ಪುರೋಹಿತರಾದ ರಬ್ಬಿ ಲೋಟ ಎತ್ತಿ ಮಂತ್ರ ಹೇಳತೊಡಗಿದರು. ಇಸ್ರೇಲ್ ಜನರಲ್ಲಿ ಈ ಮಗುವಿನ ಹೆಸರು... ಜಿಪ್ಕಿನ್ನರ ತುಟಿ ಮುಂಚಿತವಾಗಿಯೇ "ಎ" ಎಂದು ಅಗಲವಾಯಿತು.

"...ಮೆಸ್ಸೋದ್, ಹರ್ಷಲ್ಲನ ಮಗ!"

ಓಹಾಯೋನರ ಕಡೆಯ ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕೇಕೆಗೆ ಕಿಟಕಿಯ ಗಾಜು ಅದುರಿತು. ಮೆಸ್ಸೋದ್ ಬಿಕ್ಕಿ ಬಿಕ್ಕಿ ಅಳುತ್ತಾ ಬಂದು ಜಿಪ್ಕಿನ್ನರನ್ನು ತಬ್ಬಿಕೊಂಡರು. "ಬೀಗ್ರೇ! ಇದು ನಿಮ್ಮ ದೊಡ್ಡ ಮನಸ್ಸು! ಸರದಿ ನಿಮ್ಮದಿತ್ತು, ನನಗೆ ಬಿಟ್ಟುಕೊಟ್ರಿ! ಐದನೇ ಮೆಸ್ಸೋದ್!"

ಎಡಕ್ಕೊಂದು ಬಲಕ್ಕೊಂದು ಮುತ್ತು ಬಿತ್ತು. ಜಿಪ್ಕಿನ್ನರ ತುಟಿ ಇನ್ನೂ "ಎ" ಎಂದೇ ಇತ್ತು.

ಹರ್ಷಲ್ ಹೆಮ್ಮೆಯಿಂದ ಬಾಗಿದ. "ಹೇಗೆ ಅಪ್ಪ? ನೆಮ್ಮದಿ ಆಯ್ತಾ? ನಿಮ್ಮ ಮಾತು ಮೀರಿಲ್ಲ ನೋಡಿ."

"ನಿಮ್ಮ ಹೆಸರನ್ನ ಬಿಟ್ಟುಬಿಡ್ತೀವಾ ಮಾವ?" ಎಂದಳು ಪರ್ಲಾ, ಅವರ ಕೈ ಹಿಡಿದು, ನಿಜವಾದ ಪ್ರೀತಿಯಿಂದ. "ಕಾದಿರಿಸಿದೀವಿ. ನಿಮ್ಮ ಕಾಲ ಆದ ಮೇಲೆ ಹುಟ್ಟೋ ಮಗೂಗೆ ಅದೇ ಹೆಸರು, ನಿಮ್ಮ ಮನೆ ಪದ್ಧತಿ ಥರಾನೇ. ಅವಸರ ಏನಿಲ್ಲ ಮಾವ."

ಅವಸರ ಏನಿಲ್ಲವಂತೆ! ಜಿಪ್ಕಿನ್ನರು "ಒಳ್ಳೇದಮ್ಮ, ತುಂಬ ಒಳ್ಳೇದು" ಎಂದರು. ತೊಡೆಯ ಮೇಲಿದ್ದ ಮೆಸ್ಸೋದ್ ಜಿಪ್ಕಿನ್ ಎಂಬ, ಪೋಲಂಡಿನಲ್ಲಾಗಲಿ ಮೊರಾಕ್ಕೋದಲ್ಲಾಗಲಿ ಹಿಂದೆಂದೂ ಯಾರೂ ಕೇಳದ ಹೆಸರಿನ ಪ್ರಾಣಿ ಕಣ್ಣು ತೆರೆದು ಅವರನ್ನು ನೋಡಿ ಆಕಳಿಸಿತು. ಮುದ್ದು ಬಂತು. ಅದು ಇನ್ನೂ ದೊಡ್ಡ ಅನ್ಯಾಯ ಎನ್ನಿಸಿತು.

ಆಗಲೇ ಅವರಿಗೆ ಕೇಕಿನ ನೆನಪಾದದ್ದು. ಮಗುವನ್ನು ಪರ್ಲಾಳ ಕೈಗಿಟ್ಟು, ಓಡಿ ಊಟದ ಕೋಣೆಗೆ ಹೋಗುವಷ್ಟರಲ್ಲಿ ಶಿಫ್ರಾ ಪೆಟ್ಟಿಗೆಯ ದಾರ ಬಿಚ್ಚಿ ಮುಚ್ಚಳ ತೆಗೆದಿದ್ದಳು. ನೀಲಿ ಸಕ್ಕರೆಯಲ್ಲಿ ಅಂಗೈ ಅಗಲದ ನಾಲ್ಕು ಅಕ್ಷರ. ಪಕ್ಕದಲ್ಲಿ ಬೇಕರಿಯಾಕೆಯ ಕೈಬರಹದ ಚೀಟಿ: "ಎಜ್ರಾ ಜಿಪ್ಕಿನ್ನರ ನೆನಪು ಆಶೀರ್ವಾದವಾಗಲಿ. ಕುಟುಂಬಕ್ಕೆ ಸಾಂತ್ವನಗಳು."

ಶಿಫ್ರಾ ಚೀಟಿ ಓದಿದಳು. ಕೇಕು ನೋಡಿದಳು. ಗಂಡನ ಕಪ್ಪು ಸೂಟು, ಕಿಸೆಯಿಂದ ಇಣುಕುತ್ತಿದ್ದ ನಾಲ್ಕು ಪುಟ, ಆಮೇಲೆ ಮುಖ.

"ರೀ" ಎಂದಳು ಮೆಲ್ಲಗೆ. "ನಿಮಗೆ ಬೇಕಿತ್ತಾ?"

ಜಿಪ್ಕಿನ್ನರು ತಲೆ ಬಗ್ಗಿಸಿದರು. "ಬಾಯಿ ಬಿಟ್ಟು ಹೇಳೋಕೇನಾಗಿತ್ತು?" ಎಂದು ಅವಳು ಕೇಳುವಷ್ಟರಲ್ಲಿ ಎರಡೂ ಕಡೆಯ ನೆಂಟರು ತಟ್ಟೆ ಹಿಡಿದು ನುಗ್ಗಿದರು. ಮೆಸ್ಸೋದ್ ಎಲ್ಲರಿಗಿಂತ ಮುಂದೆ. "ಇದೇನು, ಕೇಕಿನ ಮೇಲೆ ಎಜ್ರಾ ಅಂತಿದೆ?"

ಶಿಫ್ರಾ ಚೀಟಿಯನ್ನು ಮಿಂಚಿನಂತೆ ಕೈಚೀಲಕ್ಕೆ ತುರುಕಿದಳು. "ಓ ಅದಾ? ಎಜ್ರಾ ಅಂದ್ರೆ ಸಹಾಯ ಅಲ್ವಾ ಬೀಗ್ರೇ? ಇವತ್ತು ಇಲ್ಲಿರೋ ಅಷ್ಟೂ ಪಾತ್ರೆ ತೊಳೆಯೋ ಸಹಾಯ ನಂದು ಅಂತ ನಮ್ಮನೆಯವರು ಹರಕೆ ಹೊತ್ತಿದಾರೆ. ಯಾರೂ ಮರೀದೇ ಇರಲಿ ಅಂತ ಕೇಕಿನ ಮೇಲೆ ಬರೆಸಿದೀವಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಬತ್ತೆರಡು ತಟ್ಟೆ, ಅಷ್ಟೇ ಲೋಟ. ತೋಳು ಮಡಚಿ ತೊಳೆಯಲು ನಿಂತ ಜಿಪ್ಕಿನ್ನರ ಬೆನ್ನ ಹಿಂದೆ ಜನ ಅವರ ಹೆಸರನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ, ಚೆನ್ನಾಗಿದೆ ಚೆನ್ನಾಗಿದೆ ಎಂದು ತಿಂದರು. ಕೊನೆಯ ಒಂದು ತುಂಡನ್ನು ಮಾತ್ರ ಅವರು ಸಾಬೂನು ಕೈಯಲ್ಲೇ ಕಾಗದಕ್ಕೆ ಸುತ್ತಿ ಕೋಟಿನ ಕಿಸೆಗೆ ಇಳಿಸಿದರು.

ಮರುದಿನ ಬೆಳಿಗ್ಗೆ ಅವರು ಮತ್ತೆ ಆ ಬೇರೆ ಪಾರ್ಕಿಗೆ ಹೋದರು. ಬೆಂಚಿನ ಹಿಮ ಒರೆಸಿ ಕುಳಿತರು. ಕಂದು ನಾಯಿ ದೂರದಿಂದಲೇ ಗುರುತು ಹಿಡಿದು ಓಡಿಬಂತು. ಅದರ ಹುಡುಗಿ ಎಲ್ಲೋ ಕೆರೆಯ ಆಚೆ ದಂಡೆಯಲ್ಲಿ ಚುಕ್ಕೆಯಷ್ಟು ಕಾಣುತ್ತಿದ್ದಳು. ಜಿಪ್ಕಿನ್ನರು ಕಾಗದ ಬಿಚ್ಚಿ ಕೇಕನ್ನು ಎರಡು ಪಾಲು ಮಾಡಿದರು. ಒಂದು ನಾಯಿಗೆ, ಒಂದು ತಮಗೆ.

"ತಗೋ ಎಜ್ರಾ" ಎಂದರು. "ನಾನು ಬದುಕಿರೋವಾಗ ನನಗಿರೋದು ನೀನೊಬ್ಬನೇ."

ಇಬ್ಬರೂ ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ಬೆನ್ನ ಹಿಂದೆ ಹೆಣ್ಣುದನಿ ಗುಡುಗಿತು.

"ಎಜ್ರಾ! ಉಗುಳು! ಈಗಲೇ ಉಗುಳು!"

ಈ ಸಲ ಮೋಸ ಹೋಗಲು ಜಿಪ್ಕಿನ್ನರೇನು ದಡ್ಡರೇ? ನಾಯಿಗೆ ಬೈಯುತ್ತಿದ್ದಾಳೆ ಪಾಪ ಎಂದುಕೊಂಡು ತಲೆಯನ್ನೂ ತಿರುಗಿಸದೆ ನಿಧಾನವಾಗಿ ಅಗಿದು, ಸವಿದು, ನುಂಗಿದರು. ನಾಯಿ ಮಾತ್ರ ಬೆಚ್ಚಿಬಿದ್ದು ತನ್ನ ಪಾಲನ್ನು ಹಿಮದ ಮೇಲೆ ಉಗುಳಿ, ಬಾಲ ಮುದುರಿಕೊಂಡು ಬೆಂಚಿನ ಕೆಳಗೆ ಸೇರಿತು.

ಹಿಂದೆ ಶಿಫ್ರಾ ನಿಂತಿದ್ದಳು.